'ನಿನ್ನೆ ಮಾರ್ಕೆಟ್ಟಿಗೆ ಹೋಗಿದ್ದೆ' ಅಂದರೆ ಫ್ರೆಂಚರು ಯಾಕೆ ಕಾಯುತ್ತಾರೆ?

ಫ್ರೆಂಚ್ ಕಲಿಯಲು ಶುರು ಮಾಡಿ ಎಂಟು ತಿಂಗಳಾಗಿತ್ತು. ಒಂದು ಸೋಮವಾರ ಮೇಡಂ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತಾ ಬಂದರು: ನಿನ್ನೆ ಏನು ಮಾಡಿದಿರಿ? ನನ್ನ ಸರದಿ ಬಂದಾಗ ಮನಸ್ಸಿನಲ್ಲಿ 'ನಿನ್ನೆ ಮಾರ್ಕೆಟ್ಟಿಗೆ ಹೋಗಿದ್ದೆ' ಎಂಬ ವಾಕ್ಯ ಸಿದ್ಧವಾಗಿತ್ತು. ಅದನ್ನೇ ಪದಕ್ಕೆ ಪದ ಇಟ್ಟು ಹೇಳಿದೆ: 'ಇಯೇರ್, ಜೆತೆ ಆಲೇ ಓ ಮಾರ್ಶೇ.' ಹೇಳಿ ಕೂತೆ. ಮೇಡಂ ಮುಂದಿನವರ ಕಡೆ ತಿರುಗಲಿಲ್ಲ. ಹುಬ್ಬೇರಿಸಿ ನನ್ನನ್ನೇ ನೋಡುತ್ತಾ ನಿಂತರು. ಆಮೇಲೆ ಕೇಳಿದರು: 'ಎ ಆಲೋರ್?' ಅಂದರೆ, 'ಸರಿ, ಆಮೇಲೆ?'

ಆಮೇಲೆ ಏನೂ ಇಲ್ಲ. ಹೋಗಿದ್ದೆ, ಬಂದೆ, ಮುಗಿಯಿತು. ಆದರೆ ನಾನು ಬಳಸಿದ್ದ ಕ್ರಿಯಾರೂಪ ಫ್ರೆಂಚ್ ಕಿವಿಗೆ ಅರ್ಧ ಮಾತಿನಂತೆ ಕೇಳಿತ್ತು. 'ನಾನು ಮಾರ್ಕೆಟ್ಟಿಗೆ ಹೋಗಿದ್ದೆನಾ, ಅಷ್ಟರಲ್ಲಿ...' ಎಂದು ಶುರು ಮಾಡಿ ಸುಮ್ಮನಾದ ಹಾಗೆ.

ಆ ರೂಪದ ಹೆಸರು ಪ್ಲ್ಯುಸ್-ಕ-ಪಾರ್ಫೆ. ಲ್ಯಾಟಿನ್ ವ್ಯಾಕರಣದಿಂದ ಬಂದ ಹೆಸರು, 'ಮುಗಿದದ್ದಕ್ಕಿಂತಲೂ ಮುಗಿದದ್ದು' ಎಂದು ಅರ್ಥ. ಮುಗಿದುಹೋದ ಒಂದು ಘಟನೆಯ ಹತ್ತಿರ ನಿಂತು ಅದಕ್ಕೂ ಮೊದಲೇ ಮುಗಿದಿದ್ದ ಇನ್ನೊಂದನ್ನು ತೋರಿಸುವುದು ಇದರ ಕೆಲಸ. ಕನ್ನಡದವರಿಗೆ ಇದನ್ನು ಕಟ್ಟುವುದು ಕಷ್ಟವಲ್ಲ, ನಮ್ಮ ನಾಲಿಗೆಯಲ್ಲಿ ಹೆಚ್ಚುಕಡಿಮೆ ಇದೇ ಯಂತ್ರ ಆಗಲೇ ಓಡುತ್ತಿದೆ. ಕಷ್ಟ ಇರುವುದು ಅದನ್ನು ಎಲ್ಲಿ ಬಳಸಬಾರದು ಎನ್ನುವುದರಲ್ಲಿ. ನಮ್ಮ 'ಹೋಗಿದ್ದೆ' ಮಾಡುವ ಕೆಲಸಗಳಲ್ಲಿ ಕೆಲವನ್ನು ಮಾತ್ರ ಅವರ ಪ್ಲ್ಯುಸ್-ಕ-ಪಾರ್ಫೆ ಮಾಡುತ್ತದೆ.

ಲಿಪಿಯ ಬಗ್ಗೆ ಒಂದು ಮಾತು. ಇಲ್ಲಿ ಫ್ರೆಂಚನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. 'ಜ' ಎಂದು ಬರೆದಲ್ಲಿ ಶ-ಕಾರಕ್ಕೆ ಗಂಟಲ ನಾದ ಸೇರಿಸಿದಂಥ ಮೆತ್ತನೆಯ ಧ್ವನಿ. ಚುಕ್ಕಿ ಇರುವ 'ಜ಼' ಎಂದರೆ ಉರ್ದುವಿನ 'ಜ಼ಮೀನ್' ಎಂಬಲ್ಲಿನ ಧ್ವನಿ. 'ವ್ಯು', 'ಲ್ಯು' ಎಂದಿರುವಲ್ಲಿ ತುಟಿ 'ಉ' ಎನ್ನಬೇಕು, ನಾಲಿಗೆ 'ಇ' ಎನ್ನಬೇಕು. ಕಾಗುಣಿತಕ್ಕೆ ಪಠ್ಯಪುಸ್ತಕ ಪಕ್ಕದಲ್ಲಿರಲಿ. ಕಿವಿಯಿಂದ ಶುರು ಮಾಡುವುದರಲ್ಲಿ ಒಂದು ದೊಡ್ಡ ಲಾಭವಿದೆ, ಈಗಲೇ ಕಾಣುತ್ತದೆ.

ಫ್ರೆಂಚ್ ಪಠ್ಯಪುಸ್ತಕ ಕೊಡುವ ಸೂತ್ರ ಒಂದೇ ಸಾಲಿನದು: ಸಹಾಯಕ ಕ್ರಿಯಾಪದದ 'ಇದ್ದೆ' ರೂಪ, ಅದರ ಮುಂದೆ ಮುಖ್ಯ ಕ್ರಿಯಾಪದದ ಭೂತ ಕೃದಂತ. ಕೇಳಿದರೆ ಭಯವಾಗುತ್ತದೆ. ಆದರೆ 'ಹೊರಟಿದ್ದೆ' ಎಂಬ ನಮ್ಮ ಮಾತನ್ನು ಬಿಡಿಸಿ ನೋಡಿ: ಹೊರಟು + ಇದ್ದೆ. 'ಹೊರಟು' ಎಂಬುದು ಶಾಲೆಯಲ್ಲಿ ಕೃದಂತಾವ್ಯಯ ಅಂತ ಕಲಿತದ್ದು, 'ಇದ್ದೆ' ಎಂಬುದು 'ಇರು' ಧಾತುವಿನ ಭೂತಕಾಲ. ಫ್ರೆಂಚ್‌ನಲ್ಲಿ ಹೊರಡು ಎಂಬುದು ಪಾರ್ತೀರ್, ಅದರ ಕೃದಂತ ಪಾರ್ತಿ. ಇರು ಎಂಬುದು ಎತ್ರ್, 'ಇದ್ದೆ' ಎಂಬುದು ಎತೆ. ಎರಡನ್ನೂ ಸೇರಿಸಿದರೆ 'ಜೆತೆ ಪಾರ್ತಿ'. ಇಟ್ಟಿಗೆಗಳು ಅವೇ, ಜೋಡಿಸುವ ಕ್ರಮ ಮಾತ್ರ ತಿರುವುಮುರುವು: ನಾವು 'ಹೊರಟು-ಇದ್ದೆ' ಅನ್ನುತ್ತೇವೆ, ಅವರು 'ಇದ್ದೆ-ಹೊರಟು' ಅನ್ನುತ್ತಾರೆ.

ಪೂರ್ತಿ ರೂಪಗಳು ಹೀಗೆ:

ಜೆತೆ ಪಾರ್ತಿ – ನಾನು ಹೊರಟಿದ್ದೆ
ತ್ಯು ಎತೆ ಪಾರ್ತಿ – ನೀನು ಹೊರಟಿದ್ದೆ
ಇಲ್ ಎತೆ ಪಾರ್ತಿ – ಅವನು ಹೊರಟಿದ್ದ
ಎಲ್ ಎತೆ ಪಾರ್ತಿ – ಅವಳು ಹೊರಟಿದ್ದಳು
ನೂಜ಼ೆತ್ಯೋಂ ಪಾರ್ತಿ – ನಾವು ಹೊರಟಿದ್ದೆವು
ವೂಜ಼ೆತ್ಯೇ ಪಾರ್ತಿ – ನೀವು ಹೊರಟಿದ್ದಿರಿ
ಇಲ್‌ಜ಼ೆತೆ ಪಾರ್ತಿ – ಅವರು ಹೊರಟಿದ್ದರು

ಲಾಭ ಎಂದೆನಲ್ಲ, ಅದು ಇಲ್ಲಿದೆ. ಪುಸ್ತಕದಲ್ಲಿ ನೋಡಿದರೆ ಸಹಾಯಕ ಕ್ರಿಯಾಪದಕ್ಕೆ ಐದು ಬೇರೆ ಬೇರೆ ಸ್ಪೆಲ್ಲಿಂಗ್. ಕಿವಿಗೆ ಮಾತ್ರ ಮೂರೇ: ಎತೆ, ಎತ್ಯೋಂ, ಎತ್ಯೇ. ನಾನು, ನೀನು, ಅವನು, ಅವಳು, ಅವರು – ಎಲ್ಲರಿಗೂ 'ಎತೆ' ಒಂದೇ. ಹೀಗಾಗಿ ಫ್ರೆಂಚ್‌ನಲ್ಲಿ ಸರ್ವನಾಮ ಬಿಡುವಂತಿಲ್ಲ. ನಾವು 'ಹೊರಟಿದ್ದಳು' ಅಂದರೆ ಸಾಕು, ಯಾರು ಅಂತ ಬಾಲವೇ ಹೇಳುತ್ತದೆ. ಅವರ ಬಾಲಕ್ಕೆ ಬಾಯಿಲ್ಲ. ನಮ್ಮಲ್ಲೂ ಒಂದು ಜಾಗದಲ್ಲಿ ಇದೇ ಪಾಡು ಇದೆ: 'ನಾನು ಹೊರಟಿದ್ದೆ', 'ನೀನು ಹೊರಟಿದ್ದೆ', ಎರಡಕ್ಕೂ ಒಂದೇ ಬಾಲ.

ಇಷ್ಟಕ್ಕೇ ನಿಂತಿದ್ದರೆ ಈ ಲೇಖನ ಬೇಕಾಗಿರಲಿಲ್ಲ. ಕನ್ನಡಕ್ಕೆ ಒಂದೇ 'ಇರು' ಸಾಕು: ಹೊರಟಿದ್ದೆ, ತಿಂದಿದ್ದೆ, ಮರೆತಿದ್ದೆ. ಫ್ರೆಂಚ್‌ಗೆ ಎರಡು ಬೇಕು. ಒಂದು ಎತ್ರ್, ಇರು. ಇನ್ನೊಂದು ಅವ್ವಾರ್. ಈ ಅವ್ವಾರ್‌ಗೆ ನಮ್ಮಲ್ಲಿ ನೇರವಾದ ಕ್ರಿಯಾಪದವೇ ಇಲ್ಲ. 'ನನ್ನ ಹತ್ತಿರ ಕಾರಿದೆ', 'ನನಗೆ ಇಬ್ಬರು ಮಕ್ಕಳಿದ್ದಾರೆ' ಎಂದು ನಾವು ಇರುವಿಕೆಯಲ್ಲೇ ಒಡೆತನ ಹೇಳಿ ಮುಗಿಸುತ್ತೇವೆ. ಅವರು ಅದಕ್ಕೊಂದು ಪ್ರತ್ಯೇಕ ಕ್ರಿಯಾಪದ ಇಟ್ಟುಕೊಂಡು, ಬಹುಪಾಲು ಕ್ರಿಯಾಪದಗಳಿಗೆ ಅದನ್ನೇ ಸಹಾಯಕ್ಕೆ ಕರೆಯುತ್ತಾರೆ. ಮರೆ ಎಂಬುದಕ್ಕೆ ಊಬ್ಲಿಯೇ, ಕೃದಂತವೂ ಕಿವಿಗೆ ಊಬ್ಲಿಯೇ. ಹಾಗಾಗಿ:

ಜಾವೆ ಊಬ್ಲಿಯೇ – ನಾನು ಮರೆತಿದ್ದೆ
ತ್ಯು ಅವೆ ಊಬ್ಲಿಯೇ – ನೀನು ಮರೆತಿದ್ದೆ
ಇಲ್ ಅವೆ ಊಬ್ಲಿಯೇ – ಅವನು ಮರೆತಿದ್ದ
ನೂಜ಼ಾವ್ಯೋಂ ಊಬ್ಲಿಯೇ – ನಾವು ಮರೆತಿದ್ದೆವು
ವೂಜ಼ಾವ್ಯೇ ಊಬ್ಲಿಯೇ – ನೀವು ಮರೆತಿದ್ದಿರಿ
ಇಲ್‌ಜ಼ಾವೆ ಊಬ್ಲಿಯೇ – ಅವರು ಮರೆತಿದ್ದರು

ಮತ್ತೆ ಮೂರೇ ಧ್ವನಿ: ಅವೆ, ಅವ್ಯೋಂ, ಅವ್ಯೇ. ಈ ಆರನ್ನು ಬಾಯಿಪಾಠ ಮಾಡಿಕೊಂಡರೆ ಫ್ರೆಂಚ್‌ನ ಸಾವಿರಾರು ಕ್ರಿಯಾಪದಗಳ ಪ್ಲ್ಯುಸ್-ಕ-ಪಾರ್ಫೆ ಕೈಗೆ ಬಂದಂತೆ, ಏಕೆಂದರೆ ಬದಲಾಗುವುದು ಇಷ್ಟೇ. ಮುಖ್ಯ ಕ್ರಿಯಾಪದ ತನ್ನ ಕೃದಂತದಲ್ಲಿ ಕಲ್ಲಿನಂತೆ ಕೂತಿರುತ್ತದೆ.

ಹಾಗಾದರೆ ಯಾವ ಕ್ರಿಯಾಪದಕ್ಕೆ ಎತ್ರ್, ಯಾವುದಕ್ಕೆ ಅವ್ವಾರ್? ಫ್ರೆಂಚ್ ಕಲಿಸುವವರು ಬೋರ್ಡಿನ ಮೇಲೆ ಒಂದು ಮನೆಯ ಚಿತ್ರ ಬರೆಯುತ್ತಾರೆ. ಮನೆಯ ಒಳಗೆ ಬರುವುದು, ಹೊರಗೆ ಹೋಗುವುದು, ಮೆಟ್ಟಿಲು ಹತ್ತುವುದು, ಇಳಿಯುವುದು, ಬೀಳುವುದು, ಹುಟ್ಟುವುದು, ಸಾಯುವುದು, ಅಲ್ಲೇ ಉಳಿಯುವುದು, ವಾಪಸು ಬರುವುದು. ಆ ಮನೆಯಲ್ಲಿ ನಡೆಯುವ ಹದಿನೈದಿಪ್ಪತ್ತು ಕ್ರಿಯೆಗಳಿಗೆ ಮಾತ್ರ ಎತ್ರ್, ಹೊರಗಿನ ಲೋಕಕ್ಕೆಲ್ಲ ಅವ್ವಾರ್. 'ಚಲನೆ ಇದ್ದರೆ ಎತ್ರ್' ಎಂದು ಕೆಲವರು ಸುಲಭ ಸೂತ್ರ ಹೇಳಿಕೊಡುತ್ತಾರೆ. ಅದನ್ನು ನಂಬಬೇಡಿ. ಓಡು (ಕೂರೀರ್), ನಡೆ (ಮಾರ್ಶೇ), ಈಜು (ನಾಜೇ), ಇವೆಲ್ಲ ಚಲನೆಯೇ, ಆದರೂ ಅವ್ವಾರ್ ತಗೊಳ್ಳುತ್ತವೆ. ಹೇಗೆ ಚಲಿಸಿದೆ ಎಂದು ಹೇಳುವುದು ಬೇರೆ, ಒಂದು ಕಡೆಯಿಂದ ಇನ್ನೊಂದು ಕಡೆ, ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ದಾಟಿದೆ ಎಂದು ಹೇಳುವುದು ಬೇರೆ. ದಾಟುವ ಕ್ರಿಯಾಪದಗಳು ಎತ್ರ್ ಮನೆಯವು. ಅಲ್ಲೇ ಉಳಿಯುವ 'ರೆಸ್ತೇ' ಮಾತ್ರ ಈ ಲೆಕ್ಕಕ್ಕೂ ಸಿಗುವುದಿಲ್ಲ, ಅದನ್ನು ಮನೆಯ ಅತಿಥಿ ಅಂದುಕೊಳ್ಳಿ.

ಈ ಮನೆಯಲ್ಲಿ ಕನ್ನಡದವರಿಗೆ ಮಾತ್ರ ಸಿಗುವ ಒಂದು ಕೀಲಿಕೈ ಇದೆ. ಹತ್ತು, ಇಳಿ ಎಂಬ ಕೆಲವು ಕ್ರಿಯಾಪದಗಳು ಫ್ರೆಂಚ್‌ನಲ್ಲಿ ಎರಡೂ ಸಹಾಯಕಗಳನ್ನು ಬಳಸುತ್ತವೆ. 'ಜೆತೆ ದೆಸಾಂದ್ಯು' ಅಂದರೆ ನಾನು ಇಳಿದಿದ್ದೆ. 'ಜಾವೆ ದೆಸಾಂದ್ಯು ಲೆ ವಾಲೀಜ಼್' ಅಂದರೆ ಪೆಟ್ಟಿಗೆಗಳನ್ನು ಇಳಿಸಿದ್ದೆ. ಕ್ರಿಯಾಪದ ಅದೇ, ದೆಸಾಂದ್ರ್. ಇಂಗ್ಲಿಷಿನಿಂದ ಬಂದವರು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ನಮಗೆ ಇಳಿ–ಇಳಿಸು, ಹತ್ತು–ಹತ್ತಿಸು ಹುಟ್ಟಿನಿಂದ ಗೊತ್ತು. ನಿಮ್ಮ ಕನ್ನಡ ವಾಕ್ಯದಲ್ಲಿ 'ಇಸು' ಬಂದರೆ ಫ್ರೆಂಚ್‌ನಲ್ಲಿ ಅವ್ವಾರ್, ಬರದಿದ್ದರೆ ಎತ್ರ್. ನೂರಕ್ಕೆ ನೂರು ನಿಲ್ಲುವ ಸೂತ್ರವಲ್ಲ. 'ಮೆಟ್ಟಿಲು ಹತ್ತಿದ್ದೆ' ಎಂಬಲ್ಲಿ ನಮಗೆ 'ಇಸು' ಇಲ್ಲ, ಆದರೆ ಮೆಟ್ಟಿಲು ನೇರ ಕರ್ಮವಾದ್ದರಿಂದ ಅವರು 'ಜಾವೆ ಮೋಂತೇ ಲೆಸ್ಕಾಲ್ಯೇ' ಎಂದು ಅವ್ವಾರ್ ಬಳಸುತ್ತಾರೆ. ಅದೊಂದನ್ನು ಬಿಟ್ಟು ಉಳಿದ ಕಡೆ ನನಗೆ ಈ ಕೀಲಿಕೈ ಕೈಕೊಟ್ಟದ್ದು ಕಡಿಮೆ.

ಇನ್ನೊಂದು ಗುಂಪು 'ಸ' ಹಚ್ಚಿಕೊಂಡ ಕ್ರಿಯಾಪದಗಳು. ತೊಳೆ ಎಂದರೆ ಲಾವೇ, ತೊಳೆದುಕೊ ಎಂದರೆ ಸ ಲಾವೇ. ಅವರ 'ಸ' ನಮ್ಮ 'ಕೊಳ್ಳು' ಇದ್ದ ಹಾಗೆ, ಕ್ರಿಯೆ ಮಾಡಿದವರ ಕಡೆಗೇ ತಿರುಗುತ್ತದೆ. ಇವೆಲ್ಲವೂ ಕಣ್ಣು ಮುಚ್ಚಿಕೊಂಡು ಎತ್ರ್ ಬಳಸುತ್ತವೆ: 'ಜ ಮೆತೆ ಲಾವೇ', ಮೈ ತೊಳೆದುಕೊಂಡಿದ್ದೆ, 'ಎಲ್ ಸೆತೆ ಲಾವೇ', ತೊಳೆದುಕೊಂಡಿದ್ದಳು. ಆದರೆ ನಾವು 'ಎದ್ದಿದ್ದೆ' ಎಂದು ಸರಳವಾಗಿ ಹೇಳುವಲ್ಲೂ ಅವರು 'ಜ ಮೆತೆ ಲವೇ', ಅಂದರೆ ನನ್ನನ್ನು ನಾನೇ ಎಬ್ಬಿಸಿಕೊಂಡಿದ್ದೆ ಎನ್ನುತ್ತಾರೆ. ಅಂಥವನ್ನು ಒಂದೊಂದಾಗಿ ಕಲಿಯಬೇಕು.

ಕೃದಂತಗಳ ವಿಷಯದಲ್ಲಿ ಹೆಚ್ಚು ಹೇಳಲಾರೆ. 'ಏ' ಎಂದು ಮುಗಿಯುವ ಮೊದಲ ಗುಂಪಿಗೆ ಕೃದಂತವೂ ಕಿವಿಗೆ 'ಏ': ಪಾರ್ಲೇ (ಮಾತಾಡು), ಪಾರ್ಲೇ. 'ಈರ್' ಗುಂಪಿಗೆ 'ಇ': ಫಿನೀರ್ (ಮುಗಿಸು), ಫಿನಿ. 'ದ್ರ್' ಗುಂಪಿಗೆ ಬಹುತೇಕ 'ಯು': ವಾಂದ್ರ್ (ಮಾರು), ವಾಂದ್ಯು. ದಿನಾ ಬೇಕಾಗುವ ಕ್ರಿಯಾಪದಗಳೇ ನಿಯಮ ಮುರಿಯುತ್ತವೆ, ನಮ್ಮ ಬಾ–ಬಂದು, ತಿನ್ನು–ತಿಂದು, ಕೊಡು–ಕೊಟ್ಟು, ಬೀಳು–ಬಿದ್ದು ಇರುವ ಹಾಗೆಯೇ. ನೋಡು ವ್ವಾರ್, ವ್ಯು. ಓದು ಲೀರ್, ಲ್ಯು. ಕುಡಿ ಬ್ವಾರ್, ಬ್ಯು. ತಗೋ ಪ್ರಾಂದ್ರ್, ಪ್ರಿ. ಇಡು ಮೆತ್ರ್, ಮಿ. ಮಾಡು ಫೇರ್, ಫೆ. ಹೇಳು ದೀರ್, ದಿ. ತೆರೆ ಊವ್ರೀರ್, ಊವೇರ್. ಸಾಯು ಮೂರೀರ್, ಮೋರ್. ಕನ್ನಡ ಕಲಿಯುವ ಹೊರಗಿನವರು 'ಬಾದು', 'ಬೀಳಿದು' ಎಂದು ತಪ್ಪುತ್ತಾ ಕಲಿಯುವ ಹಾಗೆ ನಾವೂ ತಪ್ಪುತ್ತಾ ಕಲಿಯುವುದು.

ಈಗ ಎಲ್ಲರೂ ಬೈಯುವ ಭಾಗಕ್ಕೆ ಬರೋಣ: ಕೃದಂತದ ಹೊಂದಾಣಿಕೆ. ಎತ್ರ್ ಇದ್ದಲ್ಲಿ ಕೃದಂತ ಕರ್ತೃವಿನ ಲಿಂಗ–ವಚನಕ್ಕೆ ಹೊಂದಿಕೊಳ್ಳಬೇಕು. 'ಎಲ್ ಎತೆ ಪಾರ್ತಿ' ಎಂದು ಬರೆಯುವಾಗ ಅವಳಿಗಾಗಿ ಕೊನೆಗೊಂದು 'ಇ' (e) ಅಕ್ಷರ, ಬಹುವಚನಕ್ಕೆ 'ಎಸ್' (s). ಬಾಯಲ್ಲಿ ಏನೂ ಕೇಳಿಸುವುದಿಲ್ಲ. ಅಂದು ತರಗತಿಯಲ್ಲಿ ನಾನು ಹೇಳಿದ 'ಆಲೇ'ಗೂ ಬರೆಯುವಾಗ ಒಂದು ಮೂಕ 'ಇ' ಬೇಕಿತ್ತು, ಹೆಂಗಸಾದ್ದರಿಂದ. ಆ ಮನೆಯ ಕ್ರಿಯಾಪದಗಳ ಪೈಕಿ ಸಾವಿನಲ್ಲಿ ಮಾತ್ರ ವ್ಯತ್ಯಾಸ ಕಿವಿಗೂ ಬೀಳುತ್ತದೆ: ಅವನು ಸತ್ತಿದ್ದ, 'ಇಲ್ ಎತೆ ಮೋರ್', ಅವಳು ಸತ್ತಿದ್ದಳು, 'ಎಲ್ ಎತೆ ಮೋರ್ತ್'.

ಅವ್ವಾರ್ ಇದ್ದಲ್ಲಿ ನಿಯಮ ವಿಚಿತ್ರ. ಕರ್ತೃವಿಗೆ ಹೊಂದಿಕೊಳ್ಳುವುದಿಲ್ಲ. ಕರ್ಮ ಕ್ರಿಯಾಪದದ ನಂತರ ಬಂದರೂ ಹೊಂದಿಕೊಳ್ಳುವುದಿಲ್ಲ. ಕರ್ಮ ಮೊದಲೇ ಬಂದುಬಿಟ್ಟಿದ್ದರೆ ಮಾತ್ರ ಅದಕ್ಕೆ ಹೊಂದಿಕೊಳ್ಳುತ್ತದೆ. 'ಜಾವೆ ಎಕ್ರಿ ಲಾ ಲೆತ್ರ್', ಪತ್ರ ಬರೆದಿದ್ದೆ, ಇಲ್ಲಿ ಎಕ್ರಿ. 'ಲಾ ಲೆತ್ರ್ ಕ ಜಾವೆ ಎಕ್ರಿತ್', ನಾನು ಬರೆದಿದ್ದ ಪತ್ರ, ಇಲ್ಲಿ ಎಕ್ರಿತ್. ಪತ್ರ ಫ್ರೆಂಚ್‌ನಲ್ಲಿ ಸ್ತ್ರೀಲಿಂಗ, ಅದು ಮೊದಲೇ ಬಂತು, ಅದಕ್ಕೇ ಬಾಲದಲ್ಲಿ ಆ 'ತ್'.

ಇದು ಯಾರದೋ ಹುಚ್ಚಾಟ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಮೂಲ ಗೊತ್ತಾದ ಮೇಲೆ ಕೋಪ ಸ್ವಲ್ಪ ಇಳಿಯಿತು. ಫ್ರೆಂಚ್‌ನ ತಾಯಿಯಾದ ಆಡುಮಾತಿನ ಲ್ಯಾಟಿನ್‌ನಲ್ಲಿ ಜನ 'ಬರೆದಿಟ್ಟ ಪತ್ರ ನನ್ನ ಬಳಿ ಇದೆ' ಎಂಬಂಥ ವಾಕ್ಯ ಹೇಳುತ್ತಿದ್ದರು. ಅಲ್ಲಿ 'ಬರೆದಿಟ್ಟ' ಎಂಬುದು ಪತ್ರದ ವಿಶೇಷಣ, ಹಾಗಾಗಿ ಪತ್ರದ ಲಿಂಗ–ವಚನಕ್ಕೆ ಹೊಂದುವುದು ಸಹಜ. ನೂರಾರು ವರ್ಷಗಳಲ್ಲಿ 'ಬರೆದಿಟ್ಟದ್ದು ನನ್ನ ಬಳಿ ಇದೆ' ಸವೆದು 'ನಾನು ಬರೆದಿದ್ದೇನೆ' ಆಯಿತು. ಒಡೆತನದ ಅವ್ವಾರ್ ಸಹಾಯಕನಾದದ್ದು ಹೀಗೆ. ಹಳೆಯ ವಿಶೇಷಣದ ನೆನಪು ಮಾತ್ರ ಒಂದು ಮೂಲೆಯಲ್ಲಿ ಉಳಿದುಕೊಂಡಿತು. 16ನೇ ಶತಮಾನದಲ್ಲಿ ಕವಿ ಕ್ಲೆಮಾಂ ಮಾರೋ, ಇಟಾಲಿಯನ್ನರನ್ನು ನೋಡಿ ಕಲಿಯಿರಿ ಎಂದು ಶಿಷ್ಯರಿಗೆ ಈ ನಿಯಮವನ್ನು ಪದ್ಯದಲ್ಲೇ ಹೇಳಿಕೊಟ್ಟ. 2018ರಲ್ಲಿ ಬೆಲ್ಜಿಯಂನ ಇಬ್ಬರು ಮಾಜಿ ಫ್ರೆಂಚ್ ಮೇಷ್ಟ್ರುಗಳು, ಅವ್ವಾರ್ ಜೊತೆಗಿನ ಈ ಹೊಂದಾಣಿಕೆಯನ್ನೇ ಕೈಬಿಡೋಣ, ಮಕ್ಕಳ ಎಷ್ಟೋ ಗಂಟೆ ಉಳಿಯುತ್ತದೆ ಎಂದು ಪತ್ರಿಕೆಯಲ್ಲಿ ಬರೆದು ದೊಡ್ಡ ಜಗಳ ಹುಟ್ಟುಹಾಕಿದರು. ನನ್ನ ಮತ ಆ ಮೇಷ್ಟ್ರುಗಳ ಕಡೆ. ಆದರೆ ಪರೀಕ್ಷೆ ಬರೆಯುವವರು ಮಾರೋ ಹೇಳಿದ್ದನ್ನೇ ಪಾಲಿಸಿ.

'ಇಲ್ಲ' ಹೇಳುವುದು ಸುಲಭ. 'ಬಾಗಿಲು ಹಾಕಿರಲಿಲ್ಲ' ಎಂಬಲ್ಲಿ ನಮ್ಮ 'ಇಲ್ಲ' ಹೋಗಿ ಅಂಟಿದ್ದು 'ಹಾಕು' ಎಂಬುದಕ್ಕಲ್ಲ, 'ಇರು' ಎಂಬುದಕ್ಕೆ: ಹಾಕಿ + ಇರಲಿಲ್ಲ. ಅವರದೂ ಹಾಗೇ, 'ನ' ಮತ್ತು 'ಪಾ' ಎಂಬ ಎರಡು ತುಂಡು ಸಹಾಯಕವನ್ನು ಮಾತ್ರ ಎರಡೂ ಕಡೆಯಿಂದ ಹಿಡಿದುಕೊಳ್ಳುತ್ತವೆ: 'ಜ ನಾವೆ ಪಾ ಫೆರ್ಮೇ ಲಾ ಪೋರ್ತ್.' ಕೃದಂತ ಹಿಡಿತದ ಹೊರಗೆ. 'ಆಗಲೇ' ಎಂಬ ದೆಜಾ ಕೂಡ ನಡುವೆಯೇ ಕೂರುತ್ತದೆ: 'ಜಾವೆ ದೆಜಾ ಮಾಂಜೇ', ಆಗಲೇ ಊಟ ಮಾಡಿದ್ದೆ.

ರೂಪ ಮುಗಿಯಿತು. ಇನ್ನು ಬಳಕೆ.

ರೈಲ್ವೆ ಸ್ಟೇಷನ್ನಿಗೆ ಹೋಗೋಣ. 'ನಾನು ಸ್ಟೇಷನ್ ತಲುಪಿದಾಗ ರೈಲು...' ಎಂದು ಶುರು ಮಾಡಿ ಮೂರು ರೀತಿ ಮುಗಿಸಬಹುದು: ಹೊರಟಿತು, ಹೊರಡುತ್ತಿತ್ತು, ಹೊರಟಿತ್ತು. ಮೊದಲನೆಯದರಲ್ಲಿ ನಾನು ತಲುಪಿದೆ, ಆಮೇಲೆ ರೈಲು ಬಿಟ್ಟಿತು, ಬಹುಶಃ ನಾನು ಒಳಗಿದ್ದೆ. ಎರಡನೆಯದರಲ್ಲಿ ಗಾಲಿ ಉರುಳುತ್ತಿವೆ, ಓಡಿದರೆ ಸಿಕ್ಕರೂ ಸಿಗಬಹುದು. ಮೂರನೆಯದರಲ್ಲಿ ಪ್ಲಾಟ್‌ಫಾರ್ಮ್ ಖಾಲಿ. 'ಹೊರಟಿತು', 'ಹೊರಟಿತ್ತು' ನಡುವೆ ಇರುವುದು ಒಂದೇ ಒಂದು ಒತ್ತಕ್ಷರ, ಆದರೆ ರೈಲು ಸಿಗುವುದು ಬಿಡುವುದು ಆ ಒತ್ತಿನ ಮೇಲೆ ನಿಂತಿದೆ. ಫ್ರೆಂಚ್‌ನಲ್ಲಿ ಅದೇ ಮೂರು: 'ಲ ತ್ರೇಂ ಎ ಪಾರ್ತಿ', 'ಲ ತ್ರೇಂ ಪಾರ್ತೆ', 'ಲ ತ್ರೇಂ ಎತೆ ಪಾರ್ತಿ'. ಅಲ್ಲೂ 'ಎ' ಮತ್ತು 'ಎತೆ' ನಡುವಿನ ಒಂದು 'ತ'ಕಾರವೇ ಎಲ್ಲವನ್ನೂ ಹೇಳುತ್ತದೆ. ಇಲ್ಲಿ ಎರಡು ಭಾಷೆಗಳೂ ಒಂದೇ ಹಳಿಯ ಮೇಲಿವೆ.

ಹಳಿ ಬೇರೆಯಾಗುವುದು ಎಲ್ಲಿ? ಮಾವ ಮನೆಗೆ ಬಂದ ವಿಷಯವನ್ನೇ ತಗೊಳ್ಳಿ. 'ಮಾವ ಬಂದರು' ಅಂದರೆ ಈಗಷ್ಟೇ ಬಾಗಿಲು ತಟ್ಟಿದರು. 'ಮಾವ ಬಂದಿದ್ದಾರೆ' ಅಂದರೆ ಒಳಗೆ ಕೂತು ಕಾಫಿ ಕುಡಿಯುತ್ತಿದ್ದಾರೆ. 'ಮಾವ ಬಂದಿದ್ದರು' ಅಂದರೆ ಬಂದು ಹೋದರು, ಈಗ ಇಲ್ಲ. ಎಷ್ಟು ಚೆಂದದ ವ್ಯವಸ್ಥೆ! ಮೂರನೆಯ ರೂಪಕ್ಕೆ ಇನ್ನೊಂದು ಘಟನೆಯ ಆಸರೆಯೇ ಬೇಕಿಲ್ಲ. ಕ್ರಿಯೆ ನಡೆಯಿತು, ಅದರ ಫಲ ಈಗ ಉಳಿದಿಲ್ಲ, ಅಷ್ಟನ್ನು ಹೇಳಲು ನಾವು 'ಇದ್ದರು' ಬಳಸುತ್ತೇವೆ. 'ಎಲ್ಲಿ ಹೋಗಿದ್ದೆ?' ಎಂದು ಕೇಳುವುದು ವಾಪಸು ಬಂದವರನ್ನೇ ತಾನೆ.

ಫ್ರೆಂಚ್‌ಗೆ ಈ ಮೂರೂ ಒಂದೇ: 'ಇಲ್ ಎ ವನ್ಯು.' ಬಂದರು, ಬಂದಿದ್ದಾರೆ, ನಿನ್ನೆ ಬಂದಿದ್ದರು – ಎಲ್ಲಕ್ಕೂ ಪಾಸೇ ಕೋಂಪೋಜ಼ೇ ಎಂಬ ಸಾದಾ ಭೂತಕಾಲ. ಈಗ ಇದ್ದಾರೋ ಹೋದರೋ ಎಂಬುದನ್ನು ಕ್ರಿಯಾಪದ ಹೇಳುವುದಿಲ್ಲ, ಸಂದರ್ಭ ಹೇಳಬೇಕು. 'ಇಲ್ ಎತೆ ವನ್ಯು' ಎಂದು ಪ್ಲ್ಯುಸ್-ಕ-ಪಾರ್ಫೆ ಹಾಕಿದರೆ ಕೇಳುವವರು ಇನ್ನೊಂದು ಹೆಜ್ಜೆ ಎಲ್ಲಿ ಅಂತ ಹುಡುಕುತ್ತಾರೆ: ಬಂದಿದ್ದರು, ಆದರೆ ನಾನು ಮನೆಯಲ್ಲಿರಲಿಲ್ಲವೇ? ಬಂದಿದ್ದರು, ಅಷ್ಟರಲ್ಲಿ ಕರೆಂಟು ಹೋಯಿತೇ? ನಮ್ಮ ಮೇಡಂ ಕಾಯುತ್ತಾ ನಿಂತದ್ದು ಆ ಎರಡನೇ ಹೆಜ್ಜೆಗೆ. ನಾನು ಹೇಳಬೇಕಿದ್ದದ್ದು 'ಜ ಸ್ವಿ ಆಲೇ ಓ ಮಾರ್ಶೇ' ಎಂದು ಮಾತ್ರ. ನಮ್ಮ ಇಂಗ್ಲಿಷಿಗೂ ಇದೇ ಚಾಳಿ ಇದೆ. 'ಐ ಹ್ಯಾಡ್ ಗಾನ್ ಟು ಮೈಸೂರ್ ಯೆಸ್ಟರ್ಡೇ' ಎಂದು ಆಫೀಸಿನಲ್ಲಿ ದಿನಾ ಕೇಳುತ್ತೇವೆ. ಅದು ಇಂಗ್ಲಿಷ್ ಬಟ್ಟೆ ತೊಟ್ಟ 'ಹೋಗಿದ್ದೆ'.

ಹಾಗಾಗಿ ಬರೆಯುವ ಮುಂಚೆ ನಾನು ಒಂದು ಪರೀಕ್ಷೆ ಮಾಡುತ್ತೇನೆ. ನನ್ನ ಕಥೆ ಮುಂದಕ್ಕೆ ಹೋಗುತ್ತಿದೆಯೋ, ಹಿಂದಕ್ಕೆ ತಿರುಗಿದೆಯೋ? 'ಎದ್ದೆ, ಕಾಫಿ ಕುಡಿದೆ, ಹೊರಟೆ' ಎಂದು ನಡೆದ ಕ್ರಮದಲ್ಲೇ ಹೇಳುವಾಗ, ಎದ್ದದ್ದು ಹೊರಟದ್ದಕ್ಕಿಂತ ಮೊದಲು ನಿಜ, ಆದರೂ ಪ್ಲ್ಯುಸ್-ಕ-ಪಾರ್ಫೆ ಬೇಡ. 'ಬಸ್ಸು ಹತ್ತಿದೆ. ಪರ್ಸ್ ಇರಲಿಲ್ಲ. ಮನೆಯಲ್ಲೇ ಮರೆತಿದ್ದೆ' ಎಂದು ಕಥೆ ಮಗ್ಗುಲು ತಿರುಗಿಸಿ ಹಿಂದೆ ನೋಡಿದಾಗ, ಆ 'ಮರೆತಿದ್ದೆ'ಗೆ ಮಾತ್ರ ಬೇಕು: 'ಜ ಲಾವೆ ಊಬ್ಲಿಯೇ ಆ ಲಾ ಮೇಜ಼ೋಂ.'

ಇದಕ್ಕೆ ತದ್ವಿರುದ್ಧವಾಗಿ, ನಾವು ಬಳಸದ ಕಡೆ ಅವರು ಬಳಸುವುದೂ ಉಂಟು. ಬೇರೆಯವರ ಮಾತನ್ನು ವರದಿ ಮಾಡುವಾಗ ಕನ್ನಡ ಸೋಮಾರಿ, ಅಥವಾ ಪ್ರಾಮಾಣಿಕ ಅನ್ನಿ. 'ದುಡ್ಡು ಕೊಟ್ಟೆ ಅಂದ' ಎಂದು ಅವನ ಮಾತನ್ನು ಹಾಗೇ ಎತ್ತಿಟ್ಟು ಕೊನೆಗೊಂದು 'ಅಂದ' ಹಚ್ಚಿದರೆ ಮುಗಿಯಿತು. ಫ್ರೆಂಚ್‌ನಲ್ಲಿ ಅವನ 'ಜೇ ಪೇಯೇ' (ಕೊಟ್ಟೆ) ನನ್ನ ಬಾಯಿಗೆ ಬರುವಷ್ಟರಲ್ಲಿ ಎರಡು ಬಟ್ಟೆ ಬದಲಿಸುತ್ತದೆ: ನಾನು ಹೋಗಿ ಅವನು ಆಗುತ್ತದೆ, ಸಾದಾ ಭೂತ ಹೋಗಿ ಪ್ಲ್ಯುಸ್-ಕ-ಪಾರ್ಫೆ ಆಗುತ್ತದೆ. 'ಇಲ್ ಮಾ ದಿ ಕಿಲ್ ಅವೆ ಪೇಯೇ.' ಕೊಟ್ಟದ್ದು ಹೇಳಿದ್ದಕ್ಕಿಂತ ಮೊದಲು, ಅದಕ್ಕೆ. ಅಂದದ್ದನ್ನು ಅಂದ ಹಾಗೇ ಹೇಳಿ ರೂಢಿಯಾದ ನಮಗೆ ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ.

'ರೆ' ಪ್ರತ್ಯಯದ ಪಶ್ಚಾತ್ತಾಪಗಳಲ್ಲಿ ಮತ್ತೆ ಎರಡೂ ಭಾಷೆ ಜೊತೆಯಾಗುತ್ತವೆ. 'ಗೊತ್ತಿದ್ದಿದ್ದರೆ ಬರುತ್ತಿರಲಿಲ್ಲ': 'ಸಿ ಜಾವೆ ಸ್ಯು, ಜ ನ ಸರೆ ಪಾ ವನ್ಯು.' ನಡೆಯದೇ ಹೋದದ್ದನ್ನು ಊಹಿಸುವ ಈ 'ಸಿ' ಭಾಗಕ್ಕೆ ಪ್ಲ್ಯುಸ್-ಕ-ಪಾರ್ಫೆಯೇ ಬೇಕು. ಇನ್ನೊಂದು ಭಾಗದಲ್ಲಿರುವ 'ಸರೆ'ಯಂಥ ರೂಪವನ್ನು 'ಸಿ' ಪಕ್ಕಕ್ಕೆ ತಂದು ಕೂರಿಸುವ ತಪ್ಪನ್ನು ಫ್ರಾನ್ಸಿನ ಮಕ್ಕಳೂ ಮಾಡುತ್ತಾರೆ. ಅದಕ್ಕೇ ಅವರ ಮೇಷ್ಟ್ರುಗಳು 'ಲೆ ಸಿ ನೇಮ್ ಪಾ ಲೆ ರೆ' ಎಂದು ಬಾಯಿಪಾಠ ಮಾಡಿಸುತ್ತಾರೆ, 'ಸಿ'ಗಳಿಗೆ 'ರೆ'ಗಳನ್ನು ಕಂಡರೆ ಆಗದು. ಕನ್ನಡದವರು ಇದನ್ನು ಕೇಳಿ ನಗಬೇಕು, ನಮ್ಮಲ್ಲಿ 'ರೆ' ಇಲ್ಲದೆ ಆ ವಾಕ್ಯವೇ ಇಲ್ಲ.

ಹಳೆಯ ಕಾದಂಬರಿ, ಇತಿಹಾಸದ ಪುಸ್ತಕಗಳಲ್ಲಿ ಪಾಸೇ ಆಂತೇರ್ಯರ್ ಎಂಬ ಇನ್ನೊಂದು ರೂಪ ಇದೇ ಕೆಲಸದ ಒಂದು ತುಣುಕನ್ನು ಮಾಡುತ್ತದೆ. ಓದುವಾಗ ಗುರುತು ಸಿಕ್ಕರೆ ಸಾಕು, ಮಾತಿನಲ್ಲಿ ಯಾರೂ ಬಳಸುವುದಿಲ್ಲ.

ಕೊನೆಗೆ, ಎರಡನೇ ಹೆಜ್ಜೆ ಇಲ್ಲದೆಯೂ ಪ್ಲ್ಯುಸ್-ಕ-ಪಾರ್ಫೆ ನಿಲ್ಲುವ ಎರಡು ಜಾಗ. ಒಂದು ಎಲ್ಲ ಅಮ್ಮಂದಿರ ವಾಕ್ಯ: 'ಜ ತ ಲಾವೆ ಬ್ಯೇಂ ದಿ!' ನಾನು ಅವತ್ತೇ ಹೇಳಿದ್ದೆ! ಇಲ್ಲಿ 'ಆಮೇಲೆ?' ಎಂದು ಯಾರೂ ಕೇಳುವುದಿಲ್ಲ. ಎರಡನೇ ಹೆಜ್ಜೆ ಒಡೆದ ಲೋಟವೋ, ಫೇಲಾದ ಮಾರ್ಕ್ಸ್ ಕಾರ್ಡೋ ಆಗಿ ಕಣ್ಣೆದುರೇ ಬಿದ್ದಿರುತ್ತದೆ.

ಎರಡನೆಯದು ಸಂಕೋಚ. ಯಾರ ಹತ್ತಿರವಾದರೂ ಸಹಾಯ ಕೇಳಲು ಹೋದರೆ ನಾವು ನೇರವಾಗಿ 'ಕೇಳಲು ಬಂದಿದ್ದೇನೆ' ಅನ್ನುವುದಿಲ್ಲ. 'ಒಂದು ವಿಷಯ ಕೇಳೋಣ ಅಂತ ಬಂದಿದ್ದೆ' ಅನ್ನುತ್ತೇವೆ. ಎದುರಿಗೇ ನಿಂತಿದ್ದೇವೆ, ಆದರೂ 'ಬಂದಿದ್ದೆ', ಬಂದ ಕೆಲಸ ಆಗದಿದ್ದರೆ ಹಾಗೇ ಹೊರಟುಹೋಗುತ್ತೇನೆ ಎಂಬ ದಾರಿಯನ್ನು ಇಬ್ಬರಿಗೂ ತೆರೆದಿಟ್ಟ ಹಾಗೆ. ಫ್ರೆಂಚರ ಸಂಕೋಚವೂ ಇದೇ ದಾರಿ ಹಿಡಿಯುತ್ತದೆ. ವರ್ಷಗಳ ಮೇಲೆ ಲಿಯೋಂ ನಗರದ ಒಂದು ಗ್ರಂಥಾಲಯದಲ್ಲಿ, ಅವಧಿ ಮೀರಿದ ಮೂರು ಪುಸ್ತಕ ಕೈಯಲ್ಲಿ ಹಿಡಿದು ಕೌಂಟರಿನ ಮುಂದೆ ನಿಂತಿದ್ದೆ. ಕನ್ನಡದಲ್ಲೇ ಯೋಚಿಸಿ, ಅದೇ ಇಟ್ಟಿಗೆಗಳನ್ನು ತಿರುವುಮುರುವು ಜೋಡಿಸಿ ಹೇಳಿದೆ: 'ಜೆತೆ ವನ್ಯು ವೂ ದಮಾಂದೇ ಅಂ ಸೆರ್ವೀಸ್.' ನಿಮ್ಮಿಂದ ಒಂದು ಉಪಕಾರ ಕೇಳೋಣ ಅಂತ ಬಂದಿದ್ದೆ. ಆಕೆ 'ಎ ಆಲೋರ್' ಅನ್ನಲಿಲ್ಲ. ಕನ್ನಡಕ ಸರಿಮಾಡಿಕೊಂಡು ಪುಸ್ತಕಗಳಿಗೆ ಕೈಚಾಚಿದರು.